ಯಾರಿಗಾಗಿ ಓದುವುದು? ಅಭಿಪ್ರೇರಣೆ ಮತ್ತು ಸಂಸ್ಕೃತಿ

ಬಿ.ಎಡ್.ನಲ್ಲಿ ಅಭಿಪ್ರೇರಣೆಯ, ಅಂದರೆ ಕಲಿಯುವ ಹುರುಪು ಎಲ್ಲಿಂದ ಬರುತ್ತದೆ ಎನ್ನುವ ಪಾಠವನ್ನು ಎರಡು ಕಾಲಂ ಹಾಕಿ ಕಲಿಯುತ್ತೇವೆ. ವಿಷಯವೇ ಇಷ್ಟವಾಗಿ ಓದಿದರೆ ಆಂತರಿಕ. ಬಹುಮಾನಕ್ಕೋ ಬೈಗುಳದ ಹೆದರಿಕೆಗೋ ಓದಿದರೆ ಬಾಹ್ಯ. ಸರಿ, ಅಮ್ಮನ ಖುಷಿಗೆ ಓದುವ ಮಗು ಯಾವ ಕಾಲಂಗೆ ಸೇರಬೇಕು?

ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಮನೆಮಂದಿಯೆಲ್ಲ ಅಡಿಕೆ ಸುಲಿಯುತ್ತ ಕೂತಿರುತ್ತಾರೆ. ಪಕ್ಕದಲ್ಲೇ ಮಗ್ಗಿ ಒಪ್ಪಿಸುವ ಹುಡುಗಿಯನ್ನು ಕೇಳಿ ನೋಡಿ. "ಆಯಿಗೆ ಖುಷಿ ಆಗ್ತದೆ ಟೀಚರ್" ಅನ್ನುತ್ತಾಳೆ. ಇದನ್ನು ಸುಮ್ನೆ 'ಬಾಹ್ಯ' ಎಂದು ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1999ರಲ್ಲಿ ಪ್ರಕಟವಾದ, ಮನೋವಿಜ್ಞಾನದ ಸಂಶೋಧಕರಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅವರ ಪ್ರಯೋಗವನ್ನು ಇಲ್ಲಿ ಚೆನ್ನಾಗಿ ಓದಿಕೊಳ್ಳಿ. ಅಮೆರಿಕದ 7ರಿಂದ 9 ವರ್ಷದ ಮಕ್ಕಳಿಗೆ ಅಕ್ಷರ ಜೋಡಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರು ಆಟವನ್ನು ತಾವೇ ಆರಿಸಿಕೊಂಡರು. ಕೆಲವರಿಗೆ ಪ್ರಯೋಗ ನಡೆಸುವವರು ಆರಿಸಿದರು. ಉಳಿದವರಿಗೆ "ಇದು ನಿನ್ನ ಅಮ್ಮ ಆರಿಸಿದ್ದು" ಎಂದರು. ಬಿಳಿಯ ಮಕ್ಕಳು ತಾವೇ ಆರಿಸಿದಾಗ ಹೆಚ್ಚು ಪದ ಮಾಡಿದರು. ಏಷ್ಯಾ ಮೂಲದ ಮಕ್ಕಳು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು ಅಮ್ಮ ಆರಿಸಿದಾಗ! ಬಿಡುವು ಕೊಟ್ಟಾಗಲೂ ಅದನ್ನೇ ಜಾಸ್ತಿ ಹೊತ್ತು ಆಡಿದರು. ಬಲವಂತವಾಗಿದ್ದರೆ ಹಾಗೆ ಆಡುತ್ತಿದ್ದರಾ? ಅಮ್ಮನ ಆಸೆ ಆ ಮಕ್ಕಳ ಒಳಗೇ ಇತ್ತು.

ಇನ್ನೊಂದು ವ್ಯತ್ಯಾಸ ಸೋಲಿನದು. 2001ರಲ್ಲಿ ಸ್ಟೀವನ್ ಹೈನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರ ಅಮೆರಿಕದ ವಿದ್ಯಾರ್ಥಿಗಳು ಗೆದ್ದ ಕೆಲಸಕ್ಕೆ ಹೆಚ್ಚು ಹೊತ್ತು ಅಂಟಿಕೊಂಡರು, ಜಪಾನಿನವರು ಸೋತ ಕೆಲಸಕ್ಕೆ.

ಆದರೆ 'ಏಷ್ಯಾದ ಮಕ್ಕಳೆಲ್ಲ ಹೀಗೆ' ಎಂದು ಉತ್ತರ ಬರೆಯಬೇಡಿ. ಅವು ಸರಾಸರಿಗಳು. ಕಾರವಾರದ ಬೈತಖೋಲದಲ್ಲಿ ಒಂದೇ ಮನೆಯ ಅಣ್ಣ ಅಪ್ಪನ ಹಾಗೆ ಮೀನು ಹಿಡಿಯಲು ಬೋಟಿಗೆ ಹೋಗುವುದು ಬೇಡವೆಂದು ಓದಬಹುದು, ತಮ್ಮನಿಗೆ ವಿಜ್ಞಾನದ್ದೇ ಹುಚ್ಚು ಇರಬಹುದು. ಜಾತಿ, ಊರು ನೋಡಿ ಮಗುವಿನ ಮನಸ್ಸನ್ನು ಊಹಿಸುವುದು ಅನ್ಯಾಯ.

ಅಯ್ಯಂಗಾರ್ ಅವರ ಎರಡನೇ ಪ್ರಯೋಗ ನಮ್ಮ ಪಾಠಕ್ಕೆ ನೇರವಾಗಿ ಸಿಗುತ್ತದೆ. ಕಂಪ್ಯೂಟರಿನ ಗಣಿತದ ಆಟದಲ್ಲಿ ಸಣ್ಣಪುಟ್ಟ ಆಯ್ಕೆಗಳನ್ನು ಸ್ವಂತ ತರಗತಿಯವರು ಮಾಡಿದಾಗ ಏಷ್ಯಾ ಮೂಲದ ಮಕ್ಕಳ ಉತ್ಸಾಹ ಹೆಚ್ಚಿತು. ಬೇರೆ ಶಾಲೆಯವರು ಮಾಡಿದಾಗ ಇಲ್ಲ. ಅಂದರೆ 'ನಮ್ಮವರು' ಅನ್ನಿಸಬೇಕು, ಅಲ್ವಾ? ಬೋಧನಾಭ್ಯಾಸಕ್ಕೆ ಹೋದ ಮೊದಲ ವಾರವೇ "ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೇನೆ" ಎಂದರೆ ಮಕ್ಕಳಿಗೆ ನಾಟುವುದಿಲ್ಲ. ಆಗ ಯಾವ ಲೆಕ್ಕ ಮೊದಲು ಮಾಡೋಣ ಎಂದು ಒಂದೊಂದು ಬೆಂಚಿನ ಮಕ್ಕಳೇ ಕೂಡಿ ಆರಿಸಲು ಬಿಡಿ.