ಕಿತ್ತ ಎಲೆ ಇನ್ನೂ ಸತ್ತಿಲ್ಲ

ಊಲಾಂಗ್ ಚಹಾ ಅಂದರೆ ಬೇರೆಯೇ ಗಿಡದ್ದು ಅಂದುಕೊಂಡವರು ಬಹಳ ಜನ. ಗ್ರೀನ್ ಟೀ, ನಾವು ಹಾಲು ಹಾಕಿ ಕುದಿಸುವ ಕಪ್ಪು ಚಹಾ, ಊಲಾಂಗ್ ಎಲ್ಲವೂ ಒಂದೇ ಜಾತಿಯ ಗಿಡದ್ದು. ಊಲಾಂಗನ್ನು 'ಅರ್ಧ ಹುದುಗಿಸಿದ ಚಹಾ' ಅನ್ನುವವರೂ ಇದ್ದಾರೆ. ಅದೂ ತಪ್ಪು. ಇಡ್ಲಿ ಹಿಟ್ಟಿನ ಹಾಗೆ ಇಲ್ಲಿ ಏನೂ ಹುದುಗುವುದಿಲ್ಲ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಇದು ಆ ಕತೆ.

ಎಲೆಯ ಒಂದೊಂದು ಕೋಶದಲ್ಲೂ ಪಾಲಿಫಿನಾಲ್ ಎಂಬ ಒಗರು ವಸ್ತು ಒಂದು ಕೋಣೆಯಲ್ಲಿ, ಅದಕ್ಕೆ ಬಣ್ಣ ಬರಿಸುವ ಕಿಣ್ವ ಇನ್ನೊಂದರಲ್ಲಿ. ಸಂಚಿಯಲ್ಲಿ ಅಡಿಕೆ, ಸುಣ್ಣ ಬೇರೆಬೇರೆ ಇದ್ದಾಗ ಕೆಂಪು ಎಲ್ಲಿಂದ ಬರಬೇಕು? ಜಗಿದ ಮೇಲೇ ಬರುವುದು. ಗ್ರೀನ್ ಟೀಗೆ ಮೊದಲೇ ಬಿಸಿ ತೋರಿಸಿ ಕಿಣ್ವದ ಆಟ ಮುಗಿಸುತ್ತಾರೆ, ಕಪ್ಪು ಚಹಾಕ್ಕೆ ಎಲೆಯನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ. ಊಲಾಂಗ್ ಮಾಡುವವರು ಬಾಡಿದ ಎಲೆಯನ್ನು ಬಿದಿರಿನ ದೊಡ್ಡ ತಟ್ಟೆಯಲ್ಲಿ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕುಲುಕುತ್ತಾರೆ, ಸ್ವಲ್ಪ ಹೊತ್ತು ಬಿಡುತ್ತಾರೆ, ಮತ್ತೆ ಕುಲುಕುತ್ತಾರೆ. ಎಷ್ಟೋ ಸಲ ಬೆಳಗಿನ ಜಾವದವರೆಗೂ ಇದೇ ಕೆಲಸ. ಪೆಟ್ಟು ಜಾಸ್ತಿ ಬೀಳುವುದು ಎಲೆಯ ಅಂಚಿಗೆ ಮಾತ್ರ. ಹಸಿರು ಸೀರೆಗೆ ಕೆಂಪು ಅಂಚು! ಚೀನಾದಲ್ಲೂ 'ಹಸಿರೆಲೆಗೆ ಕೆಂಪು ಅಂಚು' ಅಂತಲೇ ಹೇಳುತ್ತಾರೆ.

ನನಗೆ ಮಜಾ ಅನ್ನಿಸುವುದು ಮುಂದಿನದು. ಕಿತ್ತ ಎಲೆ ಆಗಲೂ ಬದುಕಿರುತ್ತದೆ. ಕುಲುಕಿದರೆ, ಹುಳ ಕಚ್ಚಿದಾಗ ಮಾಡುವ ಹಾಗೇ ವಾಸನೆಯ ಅಣುಗಳನ್ನು ತಯಾರಿಸುತ್ತದೆ. ಅದರಲ್ಲೊಂದು ಇಂಡೋಲ್, ಅದು ಮಲ್ಲಿಗೆಯಲ್ಲೂ ಇದೆ. ಚೀನಾದ ಫುಜಿಯನ್ ಪ್ರಾಂತ್ಯದ ತಿಯೆಗುವಾನ್‌ಯಿನ್ ಎಂಬ ಊಲಾಂಗ್ ಹೂವಿನ ಹಾಗೆ ಘಮ್ಮೆನ್ನುವುದು ಹೀಗೆ, ಯಾರೂ ಹೂ ಬೆರೆಸಿರುವುದಿಲ್ಲ. ಅದೇ ಪ್ರಾಂತ್ಯದ ವೂಯಿ ಬೆಟ್ಟದ ದಾ ಹಾಂಗ್ ಪಾವ್‌ಗೆ ಇದರ ಮೇಲೆ ಇದ್ದಿಲ ಕಾವೂ ಸೇರುತ್ತದೆ, ಆಗ ಹುರಿದ ಕಾಳಿನಂಥ ರುಚಿ.

1869ರಲ್ಲಿ ಜಾನ್ ಡಾಡ್ ಎಂಬ ವ್ಯಾಪಾರಿ ಎರಡು ಹಡಗಿನಲ್ಲಿ ನ್ಯೂಯಾರ್ಕಿಗೆ ಕಳಿಸಿದ ತೈವಾನ್ ಚಹಾ ಕೂಡ ಊಲಾಂಗೇ. ಆ ದ್ವೀಪದ ಶಿಂಚು ಕಡೆ ಕುಲುಕುವುದಕ್ಕೂ ಮೊದಲು ಹುಳಕ್ಕೇ ಗುತ್ತಿಗೆ! ಓರಿಯಂಟಲ್ ಬ್ಯೂಟಿ ಎಂಬ ಊಲಾಂಗ್ ಆಗಬೇಕಾದರೆ ಬೇಸಿಗೆಯಲ್ಲಿ ಜಿಗಿಹುಳು ಬಂದು ಚಿಗುರಿನ ರಸ ಹೀರಬೇಕು. ಔಷಧಿ ಹೊಡೆದರೆ ಕೆಟ್ಟಿತು. ಮುರುಟಿದ ಹಳದಿ ಚಿಗುರು ನೋಡಿದರೆ ಬಿಸಾಡೋಣ ಅನ್ನಿಸುತ್ತದೆ, ಕುಡಿದರೆ ಜೇನು, ಮಾಗಿದ ದ್ರಾಕ್ಷಿ.

'ಮಿಲ್ಕ್ ಊಲಾಂಗ್' ಗಿಡಕ್ಕೆ ಹಾಲೆರೆಯುತ್ತಾರೆ ಅನ್ನುವುದು ಸುಮ್ನೆ ಕತೆ. ಅದು ತೈವಾನಿನಲ್ಲಿ 1981ರಲ್ಲಿ ಬಿಡುಗಡೆಯಾದ ಜಿನ್ ಶುಆನ್ ತಳಿ, ಕೆನೆಯ ಪರಿಮಳ ತೆಳುವಾಗಿರುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ಪೇಡಾ ವಾಸನೆ ಹೊಡೆದರೆ ಎಸೆನ್ಸ್ ಹಾಕಿದ್ದಾರೆ ಅಂತಲೇ ಲೆಕ್ಕ.

ಚಹಾ ಕುಡಿದ ಮೇಲೆ ಒಂದು ಎಲೆ ಬಿಡಿಸಿ ತಟ್ಟೆಯ ಮೇಲೆ ಹರಡಿ ನೋಡಿ. ಕೆಂಪು ಅಂಚು ಕಾಣಬಹುದು. ಈಗಿನ ತಿಳಿ ಹಸಿರು ತಿಯೆಗುವಾನ್‌ಯಿನ್ ಆದರೆ ಎಲೆಯ ಸುತ್ತ ಹರಿದ ಹಾಗಿರುತ್ತದೆ, ಬಣ್ಣ ಹಸಿರಾಗೇ ಇರಲಿ ಅಂತ ಆ ಅಂಚನ್ನೇ ಬಡಿದು ಉದುರಿಸಿರುತ್ತಾರೆ.