ತೊಳೆದು ಬೇಯಿಸಿದರೆ ನದಿ ಮೀನಿನ ಪಾದರಸ ಹೋಗುತ್ತದೆಯೇ?

ಪ್ರಶ್ನೆ: ನಾವು ರಾಯಚೂರು ತಾಲ್ಲೂಕಿನವರು. ಕೃಷ್ಣಾ ನದಿಯಲ್ಲಿ ಹಿಡಿದ ಮೀನನ್ನು ವಾರಕ್ಕೆ ಎರಡು ಬಾರಿಯಾದರೂ ತಿನ್ನುತ್ತೇವೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ನದಿ ಮೀನಿನಲ್ಲಿ ಪಾದರಸ ಇರುತ್ತದೆ, ಅವಳಿಗೆ ಕೊಡಬೇಡಿ ಎಂದು ನೆರೆಯವರು ಹೇಳುತ್ತಾರೆ. ಉಪ್ಪು, ಅರಿಶಿನ ಹಚ್ಚಿ ತೊಳೆದು, ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದರೆ ಅದು ಹೋಗುವುದಿಲ್ಲವೇ?

ಉತ್ತರ: ಹೋಗುವುದಿಲ್ಲ. ಮೀನಿನಲ್ಲಿರುವ ಪಾದರಸವು ಮೈಮೇಲೆ ಅಂಟಿದ ಕೊಳೆಯಲ್ಲ. ಅದು ಮೀಥೈಲ್ ಪಾದರಸವೆಂಬ ರೂಪದಲ್ಲಿ ಮಾಂಸದ ಪ್ರೋಟೀನಿಗೇ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಆದ್ದರಿಂದ ತೊಳೆಯುವುದು, ಚರ್ಮ ಸುಲಿಯುವುದು, ಕೊಬ್ಬು ತೆಗೆಯುವುದು, ಕುದಿಸುವುದು ಯಾವುದೂ ಇಲ್ಲಿ ಫಲ ಕೊಡದು. ಹುರಿದಾಗ ನೀರಿನಂಶ ಆರುವುದರಿಂದ ತೂಕದ ಲೆಕ್ಕದಲ್ಲಿ ಪಾದರಸದ ಪ್ರಮಾಣ ತುಸು ಹೆಚ್ಚೇ ಆಗುತ್ತದೆ. ಹಾಗೆಂದು ಮಗಳಿಗೆ ಮೀನನ್ನೇ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಯಾವ ಮೀನು, ಎಷ್ಟು ದೊಡ್ಡದು, ಎಷ್ಟು ಸಲ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪಾದರಸ ನದಿಗೆ ಬರುವ ಮುಖ್ಯ ದಾರಿಗಳಲ್ಲಿ ಕಲ್ಲಿದ್ದಲು ಒಂದು. ಕಲ್ಲಿದ್ದಲಿನಲ್ಲಿ ಅತ್ಯಲ್ಪ ಪ್ರಮಾಣದ ಪಾದರಸ ಸಹಜವಾಗಿಯೇ ಇರುತ್ತದೆ. ನಮ್ಮ ಭಾಗದಲ್ಲಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಿದೆ. ಯರಮರಸ್‌ನಲ್ಲಿ ಮತ್ತು ಬಳ್ಳಾರಿ ಜಿಲ್ಲೆಯ ಕುಡಿತಿನಿಯಲ್ಲಿಯೂ ಉಷ್ಣ ವಿದ್ಯುತ್ ಸ್ಥಾವರಗಳಿವೆ. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಪಾದರಸ ಆವಿಯಾಗುತ್ತದೆ. ಅದರ ಒಂದು ಭಾಗ ಹಾರುಬೂದಿಯಲ್ಲಿ ಉಳಿಯುತ್ತದೆ, ಇನ್ನೊಂದು ಭಾಗ ಚಿಮಣಿಯಿಂದ ಹೊರಬಿದ್ದು ಗಾಳಿಯೊಡನೆ ಬಹುದೂರ ಹೋಗಿ ಮಳೆ, ಧೂಳುಗಳ ಜೊತೆ ನೆಲಕ್ಕಿಳಿಯುತ್ತದೆ. ಹೀಗಾಗಿ ನಮ್ಮ ನದಿಯಲ್ಲಿರುವ ಪಾದರಸವೆಲ್ಲ ನಮ್ಮೂರಿನದೇ ಆಗಿರಬೇಕಿಲ್ಲ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಉಷ್ಣ ಸ್ಥಾವರಗಳ ಹೊಗೆಯಲ್ಲಿನ ಪಾದರಸಕ್ಕೆ ಘನ ಮೀಟರಿಗೆ 0.03 ಮಿಲಿಗ್ರಾಂ ಮಿತಿಯನ್ನು ಗೊತ್ತುಪಡಿಸಿತು.

ನೀರಿಗೆ ಬಿದ್ದ ಪಾದರಸ ಮೊದಲು ಹೂಳಿಗೆ ಇಳಿಯುತ್ತದೆ. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಪಾಚಿಗೆ, ಪಾಚಿಯಿಂದ ಹುಳುಗಳಿಗೆ, ಹುಳುಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಸಾಗುತ್ತದೆ. ಒಳಹೊಕ್ಕದ್ದು ಬೇಗ ಹೊರಹೋಗದ ಕಾರಣ ಪ್ರತಿ ಹಂತದಲ್ಲಿಯೂ ಅದರ ಸಾಂದ್ರತೆ ಏರುತ್ತ, ಬೇಟೆಯಾಡಿ ಬದುಕುವ ಹಳೆಯ ಮೀನಿನ ಮಾಂಸದಲ್ಲಿ ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟಿನವರೆಗೂ ಹೋಗಬಲ್ಲದು. ನೀರು ತಿಳಿಯಾಗಿದೆ, ಮೀನು ತಾಜಾ ಇದೆ ಎಂಬುದು ಇಲ್ಲಿ ಯಾವ ಭರವಸೆಯನ್ನೂ ಕೊಡದಿರುವುದು ಇದೇ ಕಾರಣಕ್ಕೆ.

ಮಾರುಕಟ್ಟೆಯಲ್ಲಿ ಆರಿಸುವಾಗ ಈ ಕ್ರಮವನ್ನೇ ನೆನಪಿಡಿ. ಮೀಸೆಯುಳ್ಳ ದೊಡ್ಡ ಬಾಳೆಮೀನು, ಕೊರಮೀನು ಇವು ಇತರ ಮೀನುಗಳನ್ನು ತಿಂದು ಬೆಳೆಯುವವು. ರೋಹು, ಕಟ್ಲಾ, ಮೃಗಾಲ್‌ಗಳು ಪಾಚಿ, ಸೂಕ್ಷ್ಮಜೀವಿ, ಕೊಳೆತ ಸಸ್ಯಗಳನ್ನು ತಿನ್ನುವವು. ಜಿಲೇಬಿ ಮೀನೂ ಬಹುತೇಕ ಇದೇ ಗುಂಪಿಗೆ ಸೇರುತ್ತದೆ. ಒಂದೇ ನೀರಿನಲ್ಲಿ ಬೆಳೆದರೂ ಎರಡನೆಯ ಗುಂಪಿನಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆ. ಬಾಳೆಮೀನು ದೊಡ್ಡದಾದಷ್ಟೂ ಒಳ್ಳೆಯದೆಂದು ಬಸುರಿಗೆ ಅದನ್ನೇ ಆರಿಸಿ ತರುವ ಮನೆಗಳಿವೆ. ಈ ವಿಷಯದ ಮಟ್ಟಿಗೆ ಆ ಆಯ್ಕೆ ತಲೆಕೆಳಗಾದದ್ದು.

ಈಗ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 2003ರಲ್ಲಿ ಗೊತ್ತುಪಡಿಸಿದಂತೆ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ ಮೀರಬಾರದು. 50 ಕಿಲೋ ತೂಕದ ಮಹಿಳೆಗೆ ಇದು 80 ಮೈಕ್ರೋಗ್ರಾಂ. ಮೀನಿನಲ್ಲಿ ಕಿಲೋಗೆ 0.1 ಮಿಲಿಗ್ರಾಂ ಇದ್ದರೆ ಅವಳು ವಾರಕ್ಕೆ 800 ಗ್ರಾಂ ತಿಂದಾಗ ಈ ಮಿತಿ ಮುಟ್ಟುತ್ತದೆ. ಕಿಲೋಗೆ 0.5 ಮಿಲಿಗ್ರಾಂ ಇದ್ದರೆ ಬರೀ 160 ಗ್ರಾಂಗೆ ಮುಟ್ಟುತ್ತದೆ. 15 ಕಿಲೋ ತೂಕದ ಮಗುವಿಗಾದರೆ ಅಂಥ ಮೀನು 50 ಗ್ರಾಂ ಕೂಡ ಹೆಚ್ಚು.

ಗರ್ಭಿಣಿಯ ವಿಷಯದಲ್ಲಿ ಇಷ್ಟು ಎಚ್ಚರ ಏಕೆಂದರೆ, ಮೀಥೈಲ್ ಪಾದರಸವು ಮಾಸುವನ್ನು ದಾಟಿ ಮಗುವಿನ ಮಿದುಳಿಗೆ ತಲುಪುತ್ತದೆ ಮತ್ತು ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತಕ್ಕಿಂತಲೂ ಹೆಚ್ಚಾಗಿರುತ್ತದೆ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತದಲ್ಲಿ, ಕಾರ್ಖಾನೆಯ ತ್ಯಾಜ್ಯ ಸೇರಿದ ಕೊಲ್ಲಿಯ ಮೀನು ತಿಂದ ಕೆಲವು ತಾಯಂದಿರಲ್ಲಿ ಲಕ್ಷಣಗಳು ಕಾಣದಿದ್ದರೂ ಅವರ ಮಕ್ಕಳು ಮಿದುಳಿನ ಗಂಭೀರ ಹಾನಿಯೊಂದಿಗೆ ಹುಟ್ಟಿದರು. ಅಲ್ಲಿನ ಪ್ರಮಾಣ ಬಹಳ ದೊಡ್ಡದಾಗಿತ್ತು, ಅದನ್ನು ನೆನೆದು ನೀವು ಗಾಬರಿಯಾಗಬೇಕಿಲ್ಲ. ಕಡಿಮೆ ಪ್ರಮಾಣದಲ್ಲಿ ಬಹುಕಾಲ ಸೇರಿದಾಗ ಮಗುವಿನ ಕಲಿಕೆ, ನೆನಪು, ಮಾತಿನ ಮೇಲೆ ಆಗಬಹುದಾದ ಪರಿಣಾಮವೇ ನಮ್ಮ ಚಿಂತೆ.

ಆದ್ದರಿಂದ ಹೆರಿಗೆಯಾಗಿ ಮಗು ಹಾಲು ಬಿಡುವವರೆಗೆ ದೊಡ್ಡ ಬೇಟೆ ಮೀನುಗಳನ್ನು ಮಗಳ ತಟ್ಟೆಯಿಂದ ದೂರವಿಡಿ. ಸಣ್ಣ ರೋಹು, ಮೃಗಾಲ್‌ಗಳನ್ನು ವಾರಕ್ಕೆ ಒಂದೆರಡು ಸಲ ಕೊಡಿ, ಏಕೆಂದರೆ ಮೀನಿನ ಪ್ರೋಟೀನು ಮತ್ತು ಒಮೆಗಾ-3 ಕೊಬ್ಬು ಮಗುವಿನ ಮಿದುಳಿಗೆ ಬೇಕಾದವೇ. ಇಲ್ಲಿಯವರೆಗೆ ತಿಂದದ್ದಕ್ಕೆ ಮರುಗಬೇಡಿ. ಹೊಸದಾಗಿ ಸೇರುವುದು ನಿಂತರೆ ದೇಹದಲ್ಲಿರುವುದು ಸುಮಾರು 50ರಿಂದ 70 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ವರ್ಷಗಟ್ಟಲೆ ದೊಡ್ಡ ಮೀನನ್ನೇ ತಿಂದವರಿಗೆ ಬಾಯಿಯ ಸುತ್ತ, ಕೈಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ತಡವರಿಕೆ, ದೃಷ್ಟಿಯ ಅಂಚು ಕಿರಿದಾಗುವುದು ಕಂಡುಬಂದರೆ ನರರೋಗ ತಜ್ಞರಿಗೆ ತೋರಿಸಿ, ತಿನ್ನುವ ಮೀನಿನ ವಿವರವನ್ನೂ ತಿಳಿಸಿ. ಮೀಥೈಲ್ ಪಾದರಸವನ್ನು ಅಳೆಯಲು ರಕ್ತ ಇಲ್ಲವೇ ತಲೆಗೂದಲಿನ ಪರೀಕ್ಷೆ ಬೇಕು. ಅದು ಮೂತ್ರದಲ್ಲಿ ಹೆಚ್ಚಾಗಿ ಹೊರಹೋಗದ ಕಾರಣ ಮೂತ್ರ ಪರೀಕ್ಷೆಯಿಂದ ತಿಳಿಯುವುದಿಲ್ಲ.