ಕಾಲಿಗೆಷ್ಟು ಬೆಲೆ: ಕಥೆಯ ಮತ್ಸ್ಯಕನ್ಯೆ, ಆಟದ ಮತ್ಸ್ಯಕನ್ಯೆ

ಮತ್ಸ್ಯಕನ್ಯೆ ಎಂದೊಡನೆ ಕಾರ್ಟೂನಿನ ಕೆಂಪು ಕೂದಲು, ಹಾಡುವ ಏಡಿ ನೆನಪಾದರೆ ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಳೆಯ ಕಥೆಗಳಲ್ಲಿ ಅವಳ ಪಾಡು ಬೇರೆಯೇ. ಮಕ್ಕಳ ಸಾಹಿತ್ಯ ಓದುವವರಿಗೂ ವಾರಾಂತ್ಯದಲ್ಲಿ ದಾಳ ಉರುಳಿಸುವವರಿಗೂ ಒಟ್ಟಿಗೇ ದಕ್ಕಲಿ ಎಂದು ಈ ಟಿಪ್ಪಣಿ ಬರೆದುಕೊಂಡೆ. ಓದುವಾಗ ಒಂದೇ ಪ್ರಶ್ನೆ ಕೈಯಲ್ಲಿರಲಿ: ನೀರಿನವಳು ನೆಲಕ್ಕೆ ಬರಬೇಕಾದರೆ ಏನು ತೆರಬೇಕು, ಯಾರು ತೆರಬೇಕು?

ಆಂಡರ್ಸನ್ನನ ಲೆಕ್ಕದ ಪುಸ್ತಕ

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ‘ಪುಟ್ಟ ಮತ್ಸ್ಯಕನ್ಯೆ’ಯನ್ನು ಕೋಪನ್‌ಹೇಗನ್ನಿನಲ್ಲಿ ಪ್ರಕಟಿಸಿದ್ದು 1837ರಲ್ಲಿ. ಬಟ್ಟೆಯಿಲ್ಲದ ಚಕ್ರವರ್ತಿಯ ಕಥೆ ಬಂದದ್ದೂ ಅದೇ ಪುಟ್ಟ ಸಂಪುಟದಲ್ಲಿ. ಇದನ್ನು ಪ್ರೇಮಕಥೆ ಎಂದು ಓದಿದರೆ ಅರ್ಧ ಕೈತಪ್ಪುತ್ತದೆ. ಅಲ್ಲಿ ಪುಟಪುಟಕ್ಕೂ ಕೊಡು-ಕೊಳ್ಳುವ ಲೆಕ್ಕವಿದೆ.

ಹದಿನೈದು ತುಂಬುವವರೆಗೆ ನೀರಿನ ಮೇಲೆ ತಲೆ ಎತ್ತುವಂತಿಲ್ಲ. ಎತ್ತುವ ದಿನ ಬಂದಾಗ ಅಜ್ಜಿ ಅವಳ ಬಾಲಕ್ಕೆ ಎಂಟು ಸಿಂಪಿಗಳನ್ನು ಕಚ್ಚಿಸುತ್ತಾಳೆ. ನೋಯುತ್ತದೆ ಎಂದರೆ, ಅಂತಸ್ತು ಬೇಕಾದರೆ ನೋವನ್ನೂ ತಡೆದುಕೊಳ್ಳಬೇಕು ಎಂಬ ಉತ್ತರ. ನೆಲದ ಸೆಳೆತದ ಹಿಂದೆ ರಾಜಕುಮಾರನೊಬ್ಬನೇ ಇಲ್ಲ. ಕಡಲಿನವರು ಮುನ್ನೂರು ವರ್ಷ ಬದುಕಿ ಕೊನೆಗೆ ನೊರೆಯಾಗಿಬಿಡುತ್ತಾರೆ, ಮನುಷ್ಯರು ಬೇಗ ಸತ್ತರೂ ಅವರಿಗೆ ಅಳಿಯದ ಆತ್ಮವಿದೆ ಎಂದು ಅಜ್ಜಿ ಹೇಳಿದ್ದು ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿದೆ.

ಮಾಟಗಾತಿಯ ಮನೆಯ ದೃಶ್ಯವನ್ನು ನಿಧಾನವಾಗಿ ಓದಿ. ಹಡಗೊಡೆದು ಸತ್ತವರ ಮೂಳೆಯಿಂದ ಕಟ್ಟಿದ ಮನೆ. ಅವಳ ಬಾಯಿಂದಲೇ ತುತ್ತು ತಿನ್ನುವ ಕಪ್ಪೆ. ಔಷಧ ಕಾಯಿಸುವ ಮೊದಲು ಹಾವುಗಳನ್ನು ಗಂಟು ಕಟ್ಟಿ ಪಾತ್ರೆ ತಿಕ್ಕುತ್ತಾಳೆ, ಶುಚಿ ಇರಬೇಕಲ್ಲ! ಬೆಲೆ ನಾಲಿಗೆ. ಕಂಠ ಒತ್ತೆಯಿಡುವುದಲ್ಲ, ನಾಲಿಗೆಯನ್ನೇ ಕತ್ತರಿಸಿ ಕೊಡುವುದು. ಬದಲಿಗೆ ಕಾಲು ಸಿಗುತ್ತದೆ, ಆದರೆ ಪ್ರತಿ ಹೆಜ್ಜೆಯೂ ಚೂರಿಯ ಅಲಗಿನ ಮೇಲೆ ಇಟ್ಟಂತೆ. ಮತ್ತೆ ಕಡಲಿಗೆ ಮರಳುವಂತಿಲ್ಲ. ರಾಜಕುಮಾರ ಬೇರೆಯವಳನ್ನು ಮದುವೆಯಾದರೆ ಮರುದಿನದ ಬೆಳಗಿಗೆ ಎದೆ ಒಡೆದು ನೊರೆ. ಮೋಸವಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಎಲ್ಲ ಷರತ್ತನ್ನೂ ಮೊದಲೇ ಬಿಡಿಸಿ ಹೇಳುವ ಈ ಮಾಟಗಾತಿ ನನ್ನ ಕಣ್ಣಿಗೆ ದುಷ್ಟೆಗಿಂತ ಹೆಚ್ಚಾಗಿ ಕಟ್ಟುನಿಟ್ಟಿನ ಅಂಗಡಿಯವಳು. ಕಥೆಯ ಕ್ರೌರ್ಯ ಇರುವುದು ಆ ಪ್ರಾಮಾಣಿಕತೆಯಲ್ಲೇ.

ರಾಜಕುಮಾರ ಕೆಟ್ಟವನೂ ಅಲ್ಲ. ಅವಳನ್ನು ಮುದ್ದಿಸುತ್ತಾನೆ, ತನ್ನ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗಲು ಬಿಡುತ್ತಾನೆ. ಸಾಕುನಾಯಿಗೂ ಅಷ್ಟು ಸಿಗುತ್ತದೆ. ಅವನ ಮದುವೆ ನೆರೆರಾಜ್ಯದ ಕುಮಾರಿಯ ಜೊತೆ. ಆ ರಾತ್ರಿ ಅಕ್ಕಂದಿರು ತಲೆಗೂದಲನ್ನು ಮಾಟಗಾತಿಗೆ ಕೊಟ್ಟು ಒಂದು ಚೂರಿ ತರುತ್ತಾರೆ: ಅವನ ರಕ್ತ ಇವಳ ಪಾದಕ್ಕೆ ಬಿದ್ದರೆ ಬಾಲ ಮರಳುತ್ತದೆ. ಅವಳು ಚೂರಿಯನ್ನು ಕಡಲಿಗೆಸೆದು ತಾನೂ ಹಾರುತ್ತಾಳೆ.

ಆದರೆ ನೊರೆಯಾಗಿ ಮುಗಿಯುವುದಿಲ್ಲ, ಗಾಳಿಯ ಮಗಳಾಗುತ್ತಾಳೆ. ಮುನ್ನೂರು ವರ್ಷ ಒಳ್ಳೆಯದು ಮಾಡಿದರೆ ಆತ್ಮ. ಅದಕ್ಕೂ ಲೆಕ್ಕ: ಒಳ್ಳೆಯ ಮಗುವನ್ನು ಕಂಡು ನಕ್ಕರೆ ಒಂದು ವರ್ಷ ಕಡಿಮೆ, ತುಂಟ ಮಗುವನ್ನು ಕಂಡು ಸುರಿಸಿದ ಒಂದೊಂದು ಹನಿ ಕಣ್ಣೀರಿಗೂ ಒಂದೊಂದು ದಿನ ಹೆಚ್ಚು. ಕೂಡಿ ಕಳೆದು ನೋಡಿ, ಒಂದು ನಗುವನ್ನು ಅಳಿಸಲು 365 ಹನಿ ಬೇಕು. ಆಟ ರೂಪಿಸುವವರು ಇದನ್ನು ಕಂಡರೆ ಬ್ಯಾಲೆನ್ಸ್ ಸರಿಯಿಲ್ಲ ಎನ್ನುತ್ತಾರೆ, ಪಾಪದ ಹುಡುಗಿಗೆ ಇದೊಂದಾದರೂ ರಿಯಾಯಿತಿ ಇರಲಿ.

ಈ ಮುಕ್ತಾಯ ಮಕ್ಕಳನ್ನು ಹೆದರಿಸಲು ಅಂಟಿಸಿದ ಬಾಲ ಎಂಬ ಟೀಕೆ ಹಳೆಯದು. ಒಪ್ಪುವುದು ಕಷ್ಟ. ಫೂಕೆ ಎಂಬ ಜರ್ಮನ್ ಲೇಖಕನ ‘ಉಂಡೀನ’ದಲ್ಲಿ (1811) ಜಲಕನ್ಯೆಗೆ ಆತ್ಮ ಸಿಗುವುದು ಮನುಷ್ಯನನ್ನು ಮದುವೆಯಾದಾಗ, ಆ ವಿಚಾರದ ಬೇರು ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸನಲ್ಲಿದೆ. ತನ್ನವಳ ಆತ್ಮ ಬೇರೊಬ್ಬರ ಪ್ರೀತಿಯನ್ನು ನೆಚ್ಚಿಕೊಂಡಿರಕೂಡದು ಎಂದು ಆಂಡರ್ಸನ್ 1837ರ ಫೆಬ್ರವರಿಯಲ್ಲಿ ಸ್ನೇಹಿತನಿಗೆ ಪತ್ರ ಬರೆದಿದ್ದ. ಅಂದರೆ ಆ ಕೊನೆಗಾಗಿಯೇ ಕಥೆ ಹುಟ್ಟಿದ್ದು.

ನಮ್ಮ ಮತ್ಸ್ಯಗಂಧಿಯನ್ನು ಇಲ್ಲಿ ಎಳೆದು ತರುವುದು ಪರೀಕ್ಷೆಯ ಉತ್ತರಕ್ಕೆ ಸರಿಯೋ ಇಲ್ಲವೋ, ಆದರೆ ಹೋಲಿಕೆ ರುಚಿಯಾಗಿದೆ. ಮೀನಿನ ಹೊಟ್ಟೆಯಲ್ಲಿ ಹುಟ್ಟಿದ ಅವಳು ಪರಾಶರನಿಂದ ಪರಿಮಳ ಪಡೆದಳು, ಶಂತನುವಿನಿಂದ ಸಿಂಹಾಸನ ಪಡೆದಳು. ಬೆಲೆ ತೆತ್ತವನು ಭೀಷ್ಮ.

ಕೆಂಪು ಮೇಣದಬತ್ತಿ

ಇದಕ್ಕಿಂತ ಕತ್ತಲೆಯ ಕಥೆ ಬೇಕೆಂದರೆ ಜಪಾನಿಗೆ ಹೋಗಬೇಕು. ಒಗಾವಾ ಮಿಮೇಯಿ 1921ರಲ್ಲಿ ಬರೆದದ್ದು. ಉತ್ತರದ ಶೀತ ಕಡಲಿನ ಬಸುರಿ ಮತ್ಸ್ಯಕನ್ಯೆಯೊಬ್ಬಳು, ಮನುಷ್ಯರು ಕರುಣೆಯುಳ್ಳವರಂತೆ ಎಂದು ನಂಬಿ, ಹೆತ್ತ ಮಗುವನ್ನು ದಡದ ಗುಡಿಯ ಬಳಿ ಬಿಟ್ಟುಹೋಗುತ್ತಾಳೆ. ಮೇಣದಬತ್ತಿ ಮಾರುವ ಮುದುಕ-ಮುದುಕಿ ಸಾಕುತ್ತಾರೆ. ಹುಡುಗಿ ಬತ್ತಿಗಳ ಮೇಲೆ ಕೆಂಪು ಬಣ್ಣದಲ್ಲಿ ಮೀನು, ಚಿಪ್ಪು ಬರೆಯುತ್ತಾಳೆ. ಗುಡಿಯಲ್ಲಿ ಆ ಬತ್ತಿ ಹಚ್ಚಿ ಹೊರಟವರ ಹಡಗು ಬಿರುಗಾಳಿಯಲ್ಲೂ ಮುಳುಗುವುದಿಲ್ಲ. ಒಂದು ದಿನ ಪ್ರದರ್ಶನದ ವ್ಯಾಪಾರಿ ಬರುತ್ತಾನೆ. ಮತ್ಸ್ಯಕನ್ಯೆ ಮನೆಗೆ ಅಪಶಕುನ ಎನ್ನುತ್ತಾನೆ, ದುಡ್ಡು ತೋರಿಸುತ್ತಾನೆ. ಹುಲಿ-ಸಿಂಹಗಳ ಕಬ್ಬಿಣದ ಪಂಜರ ಬರುತ್ತದೆ. ಎಳೆದೊಯ್ಯುವಾಗ ಅವಸರಕ್ಕೆ ಅವಳು ಕೊನೆಯ ಬತ್ತಿಗಳನ್ನು ಪೂರ್ತಿ ಕೆಂಪಾಗಿ ಬಳಿದುಬಿಟ್ಟಿರುತ್ತಾಳೆ. ಆ ರಾತ್ರಿ ಕೂದಲಿಂದ ನೀರು ತೊಟ್ಟಿಕ್ಕುವ ಹೆಂಗಸೊಬ್ಬಳು ಬಾಗಿಲು ತಟ್ಟಿ ಕೆಂಪು ಬತ್ತಿ ಕೊಳ್ಳುತ್ತಾಳೆ. ಬಿರುಗಾಳಿ ಏಳುತ್ತದೆ. ವರ್ಷಗಳುರುಳಿದಂತೆ ಆ ಊರೇ ಅಳಿದುಹೋಗುತ್ತದೆ.

ಆಂಡರ್ಸನ್ನನಲ್ಲಿ ಹುಡುಗಿ ತಾನೇ ಬೆಲೆ ತೆರುತ್ತಾಳೆ. ಇಲ್ಲಿ ಅವಳಿಗೇ ಬೆಲೆ ಕಟ್ಟುತ್ತಾರೆ. ಈ ವ್ಯತ್ಯಾಸ ಆಟಗಳ ಕಡೆ ಹೋದಾಗ ಕೆಲಸಕ್ಕೆ ಬರುತ್ತದೆ.

ಒಂದು ಸರದಿಗೆ ಹತ್ತು ಅಡಿ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹುಟ್ಟಿದ ಟೇಬಲ್‌ಟಾಪ್ ಆಟ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಉರುಳಿಸಿ ಆಡುವುದು. ಅದರ ಜೀವಿಗಳ ಕೈಪಿಡಿ, 2014ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ತೆರೆದರೆ ಮರ್‌ಫೋಕ್ ಎಂಬ ಕಡಲಜನರಿಗೆ ಒಂದು ಪುಟ್ಟ ಅಂಕಿಪಟ್ಟಿ ಇದೆ. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲಳು ಎಂಬ ಅಂಕಿ) 11, ಅಂದರೆ ದಾರಿಗಳ್ಳನಿಗೂ ಕಾವಲುಗಾರನಿಗೂ ಇರುವಷ್ಟೇ. ಈಜುವ ವೇಗ 40 ಅಡಿ. ನೆಲದ ಮೇಲೆ 10 ಅಡಿ. ಸಾಮಾನ್ಯ ಮನುಷ್ಯನಿಗೆ 30. ಆರು ಸೆಕೆಂಡಿನ ಒಂದು ಸರದಿಯಲ್ಲಿ ಅವಳು ದಾಟುವುದು ಮೂರು ಮೀಟರು.

ಚೂರಿಯ ಅಲಗಿನ ಮೇಲಿನ ನಡಿಗೆ ಇಲ್ಲಿ ಅಂಕಿಯಾಗಿದೆ ಎಂದು ಮೊದಲ ಸಲ ಹೊಳೆದಾಗ ನನಗೆ ನಗು ಬಂತು. ನಮ್ಮ ಭಾನುವಾರದ ಗುಂಪಿನಲ್ಲಿ ಗೆಳತಿಯೊಬ್ಬಳು ಹಟ ಮಾಡಿ ಮತ್ಸ್ಯಕನ್ಯೆಯ ಪಾತ್ರ ತೆಗೆದುಕೊಂಡಳು. ಉಳಿದವರು ಅವಳನ್ನು ನೀರು ತುಂಬಿದ ಪೀಪಾಯಿಯಲ್ಲಿ ಕೂರಿಸಿ ಗಾಡಿಯ ಮೇಲೆ ಮೂರು ವಾರ ಬೆಟ್ಟ ಹತ್ತಿಸಬೇಕಾಯಿತು. ಅದೇ ಪಟ್ಟಿಯ ಕೆಳಗಿನ ಸಾಲನ್ನೂ ಓದಿ. ಅವಳಿಗೆ ಎರಡು ಭಾಷೆ ಬರುತ್ತದೆ: ನೀರಿನವರ ಅಕ್ವಾನ್, ಎಲ್ಲರೂ ಆಡುವ ಕಾಮನ್. ಆಂಡರ್ಸನ್ ಕಾಲು ಕೊಟ್ಟು ನಾಲಿಗೆ ಕಿತ್ತುಕೊಂಡ. ಆಟ ನಾಲಿಗೆ ಉಳಿಸಿ ಕಾಲನ್ನು ತಡೆಹಿಡಿಯಿತು. ಮಾತಾಡದವರ ಜೊತೆ ಆಟ ಮುಂದೆ ಸಾಗುವುದಿಲ್ಲ, ಕಾರಣ ಅಷ್ಟೇ.

ನೆಲದ ತೊಡಕು ಕಾರ್ಡ್ ಆಟವನ್ನೂ ಬಿಡಲಿಲ್ಲ. ‘ಮ್ಯಾಜಿಕ್: ದಿ ಗ್ಯಾದರಿಂಗ್’ನ 1993ರ ಮೊದಲ ಕಂತಿನಲ್ಲೇ ಕಡಲಜನರಿದ್ದರು: ಒಂದು ನೀಲಿ ಮಾನಾಕ್ಕೆ (ಕಾರ್ಡ್ ಆಡಲು ತೆರುವ ಮಾಂತ್ರಿಕ ಶಕ್ತಿ) ಸಿಗುವ, ವಿಶೇಷ ಶಕ್ತಿಯೇನೂ ಇಲ್ಲದ 1/1 (ಹೊಡೆತ ಒಂದು, ತಾಳಿಕೆ ಒಂದು) ಕಾಲಾಳು, ಅವರ ಬಲ ಹೆಚ್ಚಿಸುವ ಅಟ್ಲಾಂಟಿಸಿನ ಒಡೆಯ. ಆದರೆ ಬಾಲವಿರುವವರು ಕಾಡು-ಬೆಟ್ಟಗಳಲ್ಲಿ ಕಾದಾಡುವುದಾದರೂ ಹೇಗೆ? 2001ರ ‘ಒಡಿಸ್ಸಿ’ ಕಂತಿನಲ್ಲಿ ಅವರ ಜಾಗಕ್ಕೆ ಆಕ್ಟೋಪಸ್ ಮೋರೆಯ ಸೆಫಾಲಿಡ್‌ಗಳು ಬಂದರು. 2007ರ ‘ಲೋರ್ವಿನ್’ನಲ್ಲಿ ಕಡಲಜನರು ನದಿಗಳ ಜಾಲದಲ್ಲಿ ಓಡಾಡುವವರಾಗಿ ಮರಳಿದರು. ಮುಂದೆ ‘ಝೆಂಡಿಕಾರ್’, ‘ಇಕ್ಸಲಾನ್’ ಲೋಕಗಳಲ್ಲಿ ಅವರಿಗೆ ಕಾಲೇ ಬಂತು. ಮಾಟಗಾತಿ ಇಲ್ಲ, ನಾಲಿಗೆ ಇಲ್ಲ, ರಕ್ತವೂ ಇಲ್ಲ. ಚಿತ್ರಕಾರ ಬರೆದ, ಕಾಲು ಬಂತು. ಆಟಕ್ಕೆ ಅದು ಜಾಣ ಪರಿಹಾರ. ಕಥೆಯನ್ನು ಪ್ರೀತಿಸುವವರಿಗೆ ಏನೋ ಕಳೆದುಹೋದ ಹಾಗೆ.

ಪೋಲೆಂಡಿನ ಲೇಖಕ ಆಂಜೇ ಸಪ್ಕೋವ್‌ಸ್ಕಿ ತನ್ನ ವಿಚರ್ (ದೈತ್ಯಜೀವಿಗಳ ಬೇಟೆಗಾರ) ಕಥೆಯೊಂದರಲ್ಲಿ ಈ ವ್ಯಾಪಾರವನ್ನೇ ತಿರುಗಿಸಿ ಹಾಕಿದ್ದಾನೆ. ಕಾಲು ಪಡೆದುಕೊಂಡು ಬಾ ಎನ್ನುವ ದೊರೆಗೆ ಮತ್ಸ್ಯಕನ್ಯೆ, ನೀನೇ ಯಾಕೆ ಬಾಲ ಪಡೆಯಬಾರದು ಎನ್ನುತ್ತಾಳೆ. ಆಂಡರ್ಸನ್ನನ ರಾಜಕುಮಾರನನ್ನು ಯಾರೂ ಕೇಳದ ಪ್ರಶ್ನೆ. ಆ ಲೋಕದಿಂದ ಬಂದ 2015ರ ‘ವಿಚರ್ 3’ ವಿಡಿಯೋ ಆಟದಲ್ಲಿ ಮಾತ್ರ ಮಾತುಕತೆಗೆ ಎಡೆಯಿಲ್ಲ. ಅದರ ಸ್ಕೆಲಿಗೆ ದ್ವೀಪಗಳ ಸೈರನ್‌ಗಳಿಗೆ (ಹಾಡಿ ನಾವಿಕರನ್ನು ಸೆಳೆಯುವ ಪುರಾಣದ ಹೆಣ್ಣುಗಳ ಹೆಸರು) ಮೀನಿನ ಬಾಲವೂ ಇದೆ, ರೆಕ್ಕೆಯೂ ಇದೆ. ಇದು ಕಲ್ಪನೆಯ ಅತಿರೇಕವಲ್ಲ. ಪ್ರಾಚೀನ ಗ್ರೀಕರ ಸೈರನ್ ಹಕ್ಕಿಯ ಮೈಯವಳು, ಬಾಲ ಅಂಟಿದ್ದು ಮಧ್ಯಯುಗದಲ್ಲಿ. ಆಟ ಎರಡನ್ನೂ ಒಟ್ಟು ಸೇರಿಸಿದೆ. ಅಂದಹಾಗೆ ನೀರೊಳಗೆ ಅವು ಕ್ರಾಸ್‌ಬೋದ ಒಂದೇ ಬಾಣಕ್ಕೆ ಸಾಯುತ್ತವೆ. ತಮ್ಮ ಮನೆಯಲ್ಲೇ ಅಷ್ಟು ಅಗ್ಗ.

ಕೊನೆಗೆ ‘ಸ್ಟಾರ್‌ಡ್ಯೂ ವ್ಯಾಲಿ’. 2016ರ ಈ ಬೇಸಾಯದ ವಿಡಿಯೋ ಆಟಕ್ಕೂ ಮತ್ಸ್ಯಕನ್ಯೆಗೂ ಏನು ಸಂಬಂಧ ಅನ್ನಿಸಬಹುದು. ಮದುವೆ ಪ್ರಸ್ತಾಪಕ್ಕೆ ಬೇಕಾದ ಮತ್ಸ್ಯಕನ್ಯೆಯ ಪದಕವನ್ನು ಮಳೆಯ ದಿನ ಕಡಲತೀರದಲ್ಲಿ ಮುದಿ ನಾವಿಕನೊಬ್ಬ 5000 ಚಿನ್ನಕ್ಕೆ ಮಾರುತ್ತಾನೆ. ಚಳಿಗಾಲದ 15ರಿಂದ 17ರವರೆಗೆ ನಡೆಯುವ ರಾತ್ರಿ ಸಂತೆಯಲ್ಲಿ ಒಂದು ದೋಣಿ ನಿಂತಿರುತ್ತದೆ. ಒಳಗೆ ಪುಟ್ಟ ರಂಗಮಂಚ, ಮೇಲೆ ಹಾಡುವ ಮತ್ಸ್ಯಕನ್ಯೆ. ಎದುರಿನ ಚಿಪ್ಪುಗಳನ್ನು 1-5-4-2-3 ಕ್ರಮದಲ್ಲಿ ನುಡಿಸಿದರೆ ಒಂದು ಮುತ್ತು ಸಿಗುತ್ತದೆ.

ನಾನೂ ನುಡಿಸಿದೆ, ಮುತ್ತು ತೆಗೆದುಕೊಂಡೆ, ಹೊರಗೆ ಬಂದೆ. ಮಿಮೇಯಿಯ ಕಥೆಯಲ್ಲಿ ಪಂಜರ ತಂದ ವ್ಯಾಪಾರಿ ನೆನಪಾದದ್ದು ಆಮೇಲೆ. ಮರುದಿನ ಮತ್ತೆ ಹೋಗಿ ನೋಡಿದೆ. ಅದೇ ದೋಣಿ, ಅದೇ ಹಾಡು.